ಅರ್ಧ ಸ್ವರ ಕೆಳಗೆ

ಅನ್ಸೆಲ್ಮ್ ರಿವ್ವಾರ್ ಅವರ ಹನ್ನೆರಡು ಕೃತಿಗಳು ನಮ್ಮ ವಾದ್ಯವೃಂದದ ಗ್ರಂಥಾಲಯದಲ್ಲಿ, ಹಿಂದಿನ ಗೋಡೆಯ ಕಪಾಟಿನಲ್ಲಿವೆ. ಒಂದೊಂದಕ್ಕೂ ಒಂದೊಂದು ಬೂದು ರಟ್ಟಿನ ಪೆಟ್ಟಿಗೆ. ಒಳಗೆ ನಿರ್ದೇಶಕರ ಪೂರ್ಣ ಪ್ರತಿ, ಅದರ ಕೆಳಗೆ ಒಬ್ಬೊಬ್ಬ ವಾದಕರಿಗೂ ಬಿಡಿಯಾಗಿ ಬರೆದ ಹಾಳೆಗಳು. ಒಂದೊಂದನ್ನೂ ಒಂದು ಸಲ ನುಡಿಸಲಾಗಿದೆ. ಒಂದೇ ಸಲ.

ನಮ್ಮಲ್ಲಿ ಬದುಕಿರುವ ರಚನಕಾರರದ್ದೆಲ್ಲ ಹೆಚ್ಚುಕಡಿಮೆ ಇದೇ ಪಾಡು. ಹೊಸ ಕೃತಿ ಬರೆಸುವುದಕ್ಕೆ ಸರ್ಕಾರ, ನಗರಸಭೆ, ರೇಡಿಯೊ ಎಲ್ಲರೂ ಮುಂದೆ ಬರುತ್ತಾರೆ. ‘ಪ್ರಥಮ ಪ್ರಯೋಗ’ ಎಂದು ಅಚ್ಚಾದ ಭಿತ್ತಿಪತ್ರದ ಕೆಳಗೆ ಅವರ ಹೆಸರೂ ಇರುತ್ತದೆ. ಎರಡನೆಯ ಪ್ರಯೋಗದ ಭಿತ್ತಿಪತ್ರದಲ್ಲಿ ಹಾಕಿಕೊಳ್ಳಲು ಏನಿದೆ? ಹಾಗಾಗಿ ಎರಡನೆಯದು ನಡೆಯುವುದೇ ಇಲ್ಲ. ನಮ್ಮ ಮೊದಲ ಕ್ಲಾರಿನೆಟ್ ವಾದಕ, ವಾದಕರ ಸಂಘದ ಪ್ರತಿನಿಧಿಯೂ ಆದ ಗಿಸ್ಲೆನ್ ಪ್ರತಿ ಸಲವೂ ಒಂದೇ ತಮಾಷೆ ಮಾಡುತ್ತಿದ್ದ. “ರಿವ್ವಾರ್ ಅವರ ಮಕ್ಕಳಿಗೆ ಜ್ಞಾನಸ್ನಾನ, ಮಣ್ಣು ಎರಡೂ ಒಂದೇ ಸಂಜೆ ಆಗೋಗುತ್ತೆ. ಪಾದ್ರಿ ಒಂದ್ಸಲ ಬಂದ್ರೆ ಸಾಕು.” ರಿವ್ವಾರ್ ಅವರ ಎದುರಿಗೇ ಹೇಳುತ್ತಿದ್ದ. ಅವರೂ ನಗುತ್ತಿದ್ದರು. ಆದರೆ ನಗುವಾಗ ಅವರ ಕೈ ಮೇಜಿನ ಅಂಚನ್ನು ಹಿಡಿದಿರುತ್ತಿತ್ತು.

ಅವರು ಇದೇ ರೋವಾನ್ ಊರಿನವರು. ತಂದೆ ಹೆಣಿಗೆ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದವರು. ಮಗ ಹದಿನೇಳಕ್ಕೆ ಪ್ಯಾರಿಸ್ಸಿನ ಸಂಗೀತ ಶಾಲೆ ಸೇರಿದರು. ಇಪ್ಪತ್ತಾರಕ್ಕೆ ದೊಡ್ಡ ಬಹುಮಾನ, ಪತ್ರಿಕೆಯಲ್ಲಿ ಫೋಟೊ, ರೇಡಿಯೊದಲ್ಲಿ ಒಂದು ಗಂಟೆಯ ಸಂದರ್ಶನ. ‘ಮುಂದಿನ ಇಪ್ಪತ್ತು ವರ್ಷ ನಾವು ಕೇಳಲಿರುವ ಹೆಸರು’ ಎಂದು ಒಬ್ಬರು ಬರೆದಿದ್ದರು. ಆ ತುಣುಕು ಮೊದಲ ಪೆಟ್ಟಿಗೆಯಲ್ಲಿ ಈಗಲೂ ಇದೆ. ಆಮೇಲೆ ಏನಾಯಿತೆಂದು ಹೇಳುವುದು ಕಷ್ಟ. ಏನೂ ಆಗಲಿಲ್ಲ ಎನ್ನುವುದೇ ಸರಿಯಿರಬೇಕು. ಮೂವತ್ತಾರನೆಯ ವಯಸ್ಸಿನಲ್ಲಿ ಊರಿನ ವಾದ್ಯವೃಂದಕ್ಕೆ ನಿರ್ದೇಶಕ ಬೇಕಾದಾಗ ಎರಡು ವರ್ಷದ ಮಟ್ಟಿಗೆಂದು ಬಂದರು. ಇಪ್ಪತ್ತೆಂಟು ವರ್ಷ ಇದ್ದರು. ಕಾರ್ಯಕ್ರಮಗಳ ಋತುವಿನುದ್ದಕ್ಕೂ ಸತ್ತವರ ಸಂಗೀತ ನುಡಿಸಿ, ಬೇಸಿಗೆ ರಜೆಯಲ್ಲಿ ತಮ್ಮದನ್ನು ಬರೆಯುತ್ತಿದ್ದರು.

ನಾನು ಹನ್ನೊಂದು ವರ್ಷ ಹೆಣಿಗೆ ಕಾರ್ಖಾನೆಯ ಕೊನೆಯ ಮೇಜಿನಲ್ಲಿ ಕುಳಿತು, ಹೆಣೆದ ಬಟ್ಟೆಯಲ್ಲಿ ತಪ್ಪಿದ ಎಳೆ ಹುಡುಕುತ್ತಿದ್ದವಳು. ಕೆಲಸ ಮುಗಿಸಿ ನಗರಸಭೆಯ ಶಾಲೆಯಲ್ಲಿ ದೊಡ್ಡವರಿಗೆ ನಡೆಸುತ್ತಿದ್ದ ಸಂಜೆಯ ತರಗತಿಯಲ್ಲಿ ಸ್ವರ ಓದಲು, ಬರೆಯಲು ಕಲಿತೆ. ಕಾರ್ಖಾನೆ ಮುಚ್ಚಿದಾಗ ವಾದ್ಯವೃಂದಕ್ಕೆ ಹಾಳೆಗಳನ್ನು ನೋಡಿಕೊಳ್ಳುವವರು, ನಕಲು ತೆಗೆಯುವವರು ಬೇಕಾಗಿದ್ದರು. ಅರ್ಜಿ ಹಾಕಿದ ಆರು ಜನರಲ್ಲಿ ಡಿಪ್ಲೊಮಾ ಇಲ್ಲದವಳು ನಾನೊಬ್ಬಳೇ. ಪರೀಕ್ಷೆಗೆಂದು ಕೊಟ್ಟ ಒಂದು ಪುಟವನ್ನು ನಾನು ಮುಂದಿನಿಂದ ಒಂದು ಸಲ, ಹಿಂದಿನಿಂದ ಒಂದು ಸಲ, ಬೆರಳಿಟ್ಟುಕೊಂಡು ಮತ್ತೊಂದು ಸಲ ನೋಡುತ್ತಿದ್ದುದನ್ನು ರಿವ್ವಾರ್ ಗಮನಿಸಿದ್ದರು.

“ನಿಮಗೆ ನಿಮ್ಮ ಮೇಲೇ ನಂಬಿಕೆ ಇಲ್ಲ, ಅಲ್ವಾ?” ಎಂದು ಕೇಳಿದರು.

“ಇಲ್ಲ, ಮೇಷ್ಟ್ರೇ.”

“ಒಳ್ಳೇದಾಯ್ತು. ನಂಬಿಕೆ ಇರೋ ನಕಲುಗಾರರಿಂದ ನಾನು ಬೇಕಾದಷ್ಟು ಅನುಭವಿಸಿದೀನಿ. ಸೋಮವಾರದಿಂದ ಬನ್ನಿ.”

ಹದಿನಾಲ್ಕು ವರ್ಷ ಹಾಗೆ ನೋಡಿದೆ. ಅವರ ಕೊನೆಯ ಐದು ಕೃತಿಗಳ ಬಿಡಿ ಹಾಳೆಗಳೆಲ್ಲ ನನ್ನ ಕೈಯವೇ. ಹನ್ನೆರಡನೆಯದರ ಹೆಸರು ‘ಕಾಲುವೆಯ ಮುಂಜಾವು’. ಹತ್ತೊಂಬತ್ತು ನಿಮಿಷದ್ದು. ನಡುವೆ ಒಂದು ಜಾಗದಲ್ಲಿ ಚೆಲ್ಲೊಗಳು ಒಂದೇ ಸ್ವರವನ್ನು ಮಂಜಿನ ಹಾಗೆ ಹಿಡಿದು ನಿಲ್ಲುತ್ತವೆ, ಮೇಲೆ ಒಂದೇ ಒಂದು ಕ್ಲಾರಿನೆಟ್ ನಲವತ್ತೊಂದು ಆವರ್ತ ಹಾಡುತ್ತದೆ. ಹಾಳೆಯಲ್ಲಿ ಅಲ್ಲಿಗೆ ‘ಕೆ’ ಎಂಬ ಗುರುತು.

ನವೆಂಬರಿನಲ್ಲಿ ತಾಲೀಮು. ಕೆ ಭಾಗವನ್ನು ಮೊದಲ ಸಲ ನುಡಿಸಿ ಮುಗಿಸಿದಾಗ ಗಿಸ್ಲೆನ್ ಕೈ ಎತ್ತಿದ.

“ಮೇಷ್ಟ್ರೇ, ಕೆ ಶುರುವಿಗೆ ನನ್ನ ಹಾಳೇಲಿ ಮಿ ಸ್ವರ ಇದೆ. ಮಿ ಸರಿನಾ?”

ರಿವ್ವಾರ್ ತಮ್ಮ ಪ್ರತಿಯ ಮೇಲೆ ಬಗ್ಗಿದರು. ಬೆರಳಿಟ್ಟು, ತುಟಿ ಅಲ್ಲಾಡಿಸಿ ಲೆಕ್ಕ ಹಾಕಿದರು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಯೇ ಇದ್ದರು ಎಂದು ನನಗೆ ಈಗ ಅನಿಸುತ್ತದೆ.

“ಮಿ. ಹೌದು, ಸರಿ ಇದೆ. ಬರೆದ ಹಾಗೇ ನುಡಿಸಿ.”

“ಚೆಲ್ಲೊಗಳ ಪಕ್ಕದಲ್ಲಿ ಸ್ವಲ್ಪ ಹುಳಿ ಹುಳಿ ಅನ್ಸುತ್ತೆ.”

“ಹುಳೀನೇ ಇರ್ಲಿ, ಗಿಸ್ಲೆನ್.”

“ಹೊಸ ಸಂಗೀತ ಕಣೋ,” ಎಂದು ಹಿಂದಿನಿಂದ ಯಾರೋ ಹೇಳಿದರು, “ನಾಲಿಗೆಗೆ ಹತ್ತೋವರೆಗೂ ನುಂಗು.” ಎಲ್ಲರೂ ನಕ್ಕರು. ಹಳೆಯವರ ಕೃತಿಯಲ್ಲಿ ಒಂದು ಸ್ವರ ತಪ್ಪಿದರೂ ಎಪ್ಪತ್ತು ಮುಖ ತಿರುಗುತ್ತವೆ. ಹೊಸ ಕೃತಿಯಲ್ಲಿ ರಚನಕಾರರೇ ಮುಂದೆ ನಿಂತು ಸರಿ ಎಂದ ಮೇಲೆ ಎರಡನೆಯ ಸಲ ಯಾರೂ ಕೇಳುವುದಿಲ್ಲ. ನಾನೂ ಆ ದಿನ ಸಭಾಂಗಣದ ಎಂಟನೆಯ ಸಾಲಿನಲ್ಲಿ ಕುಳಿತಿದ್ದೆ. ನನಗೆ ಅದು ಹುಳಿ ಅನಿಸಲಿಲ್ಲ. ತನ್ನದೇ ಮನೆಗೆ ಬಂದವನನ್ನು ಮನೆಯವರು ಗುರುತಿಸದೆ ಹೋದರೆ ಹೇಗಿರುತ್ತದೋ ಹಾಗೆ ಕೇಳಿಸಿತು. ಕಣ್ಣಲ್ಲಿ ನೀರು ಬಂತು. ಇದು ಮೇಷ್ಟ್ರು ಬರೆದ ಎಲ್ಲಕ್ಕಿಂತ ಒಳ್ಳೆಯದು ಎಂದುಕೊಂಡೆ.

ಪ್ರಯೋಗದ ಸಂಜೆ ಆ ನಲವತ್ತೊಂದು ಆವರ್ತಗಳಲ್ಲಿ ಯಾರೂ ಕೆಮ್ಮಲಿಲ್ಲ. ನಮ್ಮ ಊರಿನಲ್ಲಿ, ನವೆಂಬರ್ ತಿಂಗಳಲ್ಲಿ! ಉತ್ತರದ ದಂಕೆರ್ಕ್ ಬಂದರಿನ ಒಂದು ವಾದ್ಯವೃಂದವನ್ನು ನಡೆಸುವ ಕ್ಲೆಲಿಯಾ ವಂದೆವೆಲ್ಡ್ ಎಂಬ ಯುವತಿ ಅಂದು ಬೇರೆ ಯಾವುದೋ ಕೆಲಸಕ್ಕೆ ಬಂದವಳು ಕೇಳಲು ಕುಳಿತಿದ್ದಳು. ಮುಗಿದ ಮೇಲೆ ನೇರವಾಗಿ ವೇದಿಕೆಯ ಹಿಂದಕ್ಕೆ ಬಂದಳು. ಮೇಷ್ಟ್ರ ಎರಡೂ ಕೈ ಹಿಡಿದುಕೊಂಡಳು.

“ಆ ಕ್ಲಾರಿನೆಟ್, ಮೇಷ್ಟ್ರೇ! ನಾನು ಇದನ್ನ ತಗೊಂಡು ಹೋಗ್ತೀನಿ. ಮೇ ತಿಂಗಳಿಗೆ. ಕೊಡ್ತೀರಾ?”

“ಯಾವಾಗ ಅಂದ್ರಿ?” ಎಂದು ಮೇಷ್ಟ್ರು ಕೇಳಿದರು. ಅವರಿಗೆ ತಿಂಗಳು ಕೇಳಿಸಿರಲಿಲ್ಲ ಎಂದಲ್ಲ. ಇನ್ನೊಮ್ಮೆ ಹೇಳಿಸಬೇಕಾಗಿತ್ತು.

ಮರುದಿನ ಅವರು ಗ್ರಂಥಾಲಯಕ್ಕೆ ಗುಲಾಬಿ ಬಣ್ಣದ ಸಕ್ಕರೆ ಬಾದಾಮಿ ಹಾಕಿದ ನಮ್ಮೂರಿನ ಬ್ರೆಡ್ಡು ತಂದರು. ಕಾಗದ ಕತ್ತರಿಸುವ ಚಾಕುವಿನಲ್ಲೇ ಕೊಯ್ದು ಕೊಟ್ಟರು. “ನದೆಜ್,” ಎಂದರು, “ಮೂವತ್ತೆಂಟು ವರ್ಷ ಆಯ್ತು. ಎರಡನೇ ಸಲ ಕೇಳೋದು ಹೇಗಿರುತ್ತೆ ಅಂತ ನನಗೆ ಗೊತ್ತೇ ಇಲ್ಲ. ಮೊದಲನೇ ಸಲ ಭಯದಲ್ಲಿ ಏನೂ ಕೇಳ್ಸಲ್ಲ ನೋಡಿ. ಎರಡನೇ ಸಲ ಕೂತ್ಕೊಂಡು, ಕೋಟು ಮಡಿಲಲ್ಲಿಟ್ಕೊಂಡು, ಸುಮ್ಮನೆ ಕೇಳಬಹುದು.”

ಆದರೆ ಡಿಸೆಂಬರಿನ ಮೊದಲ ವಾರದಲ್ಲೇ ಅವರು ನಿವೃತ್ತಿ ಪತ್ರ ಕೊಟ್ಟಿದ್ದಾರೆಂದು ತಿಳಿಯಿತು. ಜೂನ್ ಕೊನೆಗೆ ಬಿಡುತ್ತಾರಂತೆ. ಇನ್ನೂ ಮೂರು ವರ್ಷ ಇರಬಹುದಾಗಿತ್ತು. ಗೆದ್ದಾಗಲೇ ಎದ್ದು ಹೋಗುತ್ತಿದ್ದಾರೆ, ಜಾಣರು ಎಂದು ಎಲ್ಲರೂ ಅಂದರು. ನಾನೂ ಅಂದೆ.

ಜನವರಿಯ ಎರಡನೆಯ ವಾರ ದಂಕೆರ್ಕಿಗೆ ಕಳಿಸುವುದಕ್ಕೆ ಹಾಳೆಗಳನ್ನು ಹೊರತೆಗೆದೆ. ಕಳಿಸುವ ಮುಂಚೆ ಪೂರ್ಣ ಪ್ರತಿಯ ಜೊತೆ ಒಂದೊಂದನ್ನೂ ಮತ್ತೆ ಹೋಲಿಸುವುದು ನನ್ನ ಪದ್ಧತಿ. ಯಾರೂ ಹೇಳಿಲ್ಲ, ನಾನೇ ಮಾಡಿಕೊಂಡದ್ದು. ಎರಡನೆಯ ದಿನ ಕ್ಲಾರಿನೆಟ್ಟಿನ ಹಾಳೆ ಬಂತು.

ಕ್ಲಾರಿನೆಟ್ ವಾದಕರ ಬಳಿ ಎರಡು ವಾದ್ಯಗಳಿರುತ್ತವೆ. ದಿನಬಳಕೆಯದು ಒಂದು, ಅದಕ್ಕಿಂತ ಬೆರಳುದ್ದ ಹೆಚ್ಚಿರುವುದು ಇನ್ನೊಂದು. ಒಂದೇ ಸ್ವರ ಓದಿ ಎರಡರಲ್ಲೂ ಊದಿದರೆ ಉದ್ದನೆಯದು ಅರ್ಧ ಸ್ವರ ಕೆಳಗೆ ನುಡಿಯುತ್ತದೆ. ಪೂರ್ಣ ಪ್ರತಿಯಲ್ಲಿ ರಚನಕಾರರು ಕಿವಿಗೆ ಕೇಳಿಸಬೇಕಾದ ಸ್ವರವನ್ನೇ ಬರೆಯುತ್ತಾರೆ; ವಾದಕ ಯಾವ ವಾದ್ಯ ಹಿಡಿಯುತ್ತಾನೋ ಅದಕ್ಕೆ ತಕ್ಕಂತೆ ಸ್ವರಗಳನ್ನು ಸರಿಸಿ ಬರೆಯುವುದು ನಕಲು ತೆಗೆಯುವವರ ಕೆಲಸ. ಕೆ ಭಾಗವನ್ನು ಮೇಷ್ಟ್ರು ಮೊದಲು ಗಿಡ್ಡ ಕ್ಲಾರಿನೆಟ್ಟಿಗೆ ಬರೆದಿದ್ದರು. ಕೊನೆಯ ವಾರ ಪೆನ್ಸಿಲ್ಲಿನಲ್ಲಿ ‘ಉದ್ದದ್ದೇ ಇರಲಿ, ದನಿ ಮೆತ್ತಗಿರುತ್ತದೆ’ ಎಂದು ತಿದ್ದಿದ್ದರು. ನಾನು ಗಿಸ್ಲೆನ್‌ನ ಹಾಳೆಯಲ್ಲಿ ವಾದ್ಯದ ಹೆಸರು ಬದಲಿಸಿದ್ದೆ. ಸ್ವರಗಳನ್ನು ಸರಿಸಿರಲಿಲ್ಲ.

ನಲವತ್ತೊಂದು ಆವರ್ತ, ಪೂರ್ತಿ, ಅರ್ಧ ಸ್ವರ ಕೆಳಗೆ. ಮುಂದಿನಿಂದ ನೋಡಿದ್ದೆ, ಹಿಂದಿನಿಂದ ನೋಡಿದ್ದೆ. ಎರಡು ಸಲವೂ ಗಿಡ್ಡದಕ್ಕೆಂದು ನಾನೇ ಮೊದಲು ಸರಿಸಿ ಬರೆದಿದ್ದ ಹಳೆಯ ಕರಡಿನ ಜೊತೆಗೇ ಹೋಲಿಸಿದ್ದೆ.

ಕಾಫಿ ಯಂತ್ರದ ಬಳಿ ಗಿಸ್ಲೆನ್‌ನನ್ನು ಹಿಡಿದು ಹೇಳಿದೆ.

“ನಾನು ಕೇಳಿದ್ನಲ್ಲೇ!” ಎಂದ.

“ಹೌದು, ನೀನು ಕೇಳಿದ್ದೆ.”

“ಅವರು ಸರಿ ಅಂದ್ರು.”

“ಅಂದ್ರು. ಅವರು ಗಿಡ್ಡದ ಲೆಕ್ಕ ಹಾಕಿದ್ರು ಅಂತ ಕಾಣುತ್ತೆ. ಕಣ್ಣಲ್ಲಿ ನೋಡಿ ಹೇಳಿದ್ರು.”

ಗಿಸ್ಲೆನ್ ಲೋಟದೊಳಗೆ ನೋಡಿದ. “ಹಾಗಾದ್ರೆ ಕಿವಿ ಏನ್ಮಾಡ್ತಿತ್ತು?” ಎಂದು ಮೆಲ್ಲಗೆ ಕೇಳಿದ. ಆಮೇಲೆ ಆ ಪ್ರಶ್ನೆ ಬೇಡವೆಂಬಂತೆ ಕೈಯಾಡಿಸಿದ. “ನೋಡು, ರಚನಕಾರರೇ ಸರಿ ಅಂದ್ಮೇಲೆ ಅದು ತಪ್ಪಲ್ಲ. ನೀನು ಹೋಗಿ ತೊಳೆದು ಇಸ್ತ್ರಿ ಮಾಡ್ಬೇಡ.”

“ಆದ್ರೆ ಅದು ಅವರು ಬರೆದದ್ದಲ್ವಲ್ಲ.”

“ಆ ದಂಕೆರ್ಕಿನ ಹುಡುಗಿ ಕಣ್ಣೊರೆಸ್ಕೊಂಡು ಬಂದಿದ್ದು ಯಾವುದಕ್ಕೆ? ಅದಕ್ಕೇ ತಾನೆ? ಮನುಷ್ಯನಿಗೆ ಜನ್ಮಕ್ಕೊಂದ್ಸಲ ಎರಡನೇ ಸಲ ಸಿಕ್ಕಿದೆ. ನೀನು ಸತ್ಯವಂತೆ ಅಂತ ಅದನ್ನ ಕಿತ್ಕೊಳ್ತೀಯಾ? ಬಾಯಿ ಮುಚ್ಕೊಂಡು ಪಾರ್ಸೆಲ್ ಕಟ್ಟು, ತಾಯಿ.”

ಪಾರ್ಸೆಲ್ ಕಟ್ಟಿದೆ. ಬಿಚ್ಚಿದೆ. ಮತ್ತೆ ಕಟ್ಟಿದೆ. ಮೂರು ವಾರ ಹಾಗೇ ಹೋಯಿತು. ಕಾರ್ಖಾನೆಯಲ್ಲಿ ತಪ್ಪಿದ ಎಳೆ ಕಂಡರೆ ಕೆಂಪು ದಾರ ಕಟ್ಟಿ ಬದಿಗಿಡುತ್ತಿದ್ದೆವು, ಅದರ ಬಗ್ಗೆ ಯೋಚನೆ ಮಾಡಬೇಕಾಗಿರಲಿಲ್ಲ. ಇಲ್ಲಿ ಹೇಳಿದರೆ ಮೇಷ್ಟ್ರ ಎರಡನೆಯ ಸಲ ಹೋಗುತ್ತದೆ. ಹೇಳದಿದ್ದರೆ ಅವರು ಕೋಟು ಮಡಿಲಲ್ಲಿಟ್ಟುಕೊಂಡು ಕುಳಿತು ನನ್ನ ತಪ್ಪನ್ನು ತಮ್ಮದೆಂದು ಕೇಳುತ್ತಾರೆ. ಆ ಮೂರು ವಾರದಲ್ಲಿ ನಗರಸಭೆ ಹೊಸ ನಿರ್ದೇಶಕನನ್ನು ಆರಿಸಿತು. ಲಿಯಾನ್ ನಗರದ ಹುಡುಗ, ಮೂವತ್ತೊಂದು ವರ್ಷ. ಅದು ನನಗೆ ಸಂಬಂಧಪಟ್ಟ ಸುದ್ದಿ ಎಂದು ಆಗ ನಾನು ತಿಳಿದಿರಲಿಲ್ಲ.

ಫೆಬ್ರವರಿಯ ಒಂದು ಮಧ್ಯಾಹ್ನ ಹಾಳೆ ಎತ್ತಿಕೊಂಡು ಅವರ ಕೋಣೆಗೆ ಹೋದೆ. ಅವರು ಪಿಯಾನೊದ ಮುಚ್ಚಳದ ಮೇಲೆ ಕರವಸ್ತ್ರ ಹಾಸಿಕೊಂಡು ಚೀಸ್ ಹಚ್ಚಿದ ಬ್ರೆಡ್ ತಿನ್ನುತ್ತಿದ್ದರು.

“ಬನ್ನಿ ನದೆಜ್. ಮುಖ ಯಾಕೆ ಹೀಗಿದೆ? ಯಾರು ಸತ್ರು?”

“ಮೇಷ್ಟ್ರೇ, ನಾನು ಒಂದು ತಪ್ಪು ಮಾಡಿದೀನಿ. ಕೆ ಭಾಗದಲ್ಲಿ. ಕ್ಲಾರಿನೆಟ್ಟಿನ ಸ್ವರ ಸರಿಸಿಲ್ಲ. ನವೆಂಬರಿನಲ್ಲಿ ನುಡಿಸಿದ್ದು ನೀವು ಬರೆದದ್ದಲ್ಲ.”

ಅವರು ಅಗಿಯುವುದನ್ನು ನಿಲ್ಲಿಸಿದರು. “ಯಾವ ಕಡೆಗೆ ತಪ್ಪು? ಮೇಲಕ್ಕಾ, ಕೆಳಕ್ಕಾ?”

“ಕೆಳಕ್ಕೆ. ಅರ್ಧ ಸ್ವರ.”

“ಕೆಳಕ್ಕೆ,” ಎಂದರು. ಬ್ರೆಡ್ಡನ್ನು ಕರವಸ್ತ್ರದ ಮೇಲಿಟ್ಟು ನಾಲ್ಕೂ ಮೂಲೆ ನಿಧಾನಕ್ಕೆ ಮಡಿಸಿದರು. ನನ್ನನ್ನು ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ.

“ಬಾಗ್ಲು ಹಾಕಿ,” ಎಂದರು. “ನನ್ನ ಎಡಗಿವಿ ಎರಡು ವರ್ಷದಿಂದ ಸುಳ್ಳು ಹೇಳ್ತಿದೆ. ಎಲ್ಲ ಸ್ವರಾನೂ ಸ್ವಲ್ಪ ಕೆಳಗೆ ಕೇಳ್ಸುತ್ತೆ. ಡಾಕ್ಟರು ಅದಕ್ಕೊಂದು ಉದ್ದ ಹೆಸರು ಹೇಳಿದ್ರು. ಯಾರಿಗೂ ಹೇಳ್ಲಿಲ್ಲ. ಬಲಗಿವಿ ಚೆನ್ನಾಗಿತ್ತಲ್ಲ, ಅದರ ಮಾತು ಕೇಳ್ಕೊಂಡು ದಿನ ತಳ್ತಿದ್ದೆ.” ಮಡಿಸಿದ ಕರವಸ್ತ್ರವನ್ನು ಬದಿಗೆ ಸರಿಸಿದರು. “ನವೆಂಬರಿನಲ್ಲಿ ಆ ಕ್ಲಾರಿನೆಟ್ ಶುರುವಾಯ್ತು. ಬಲಗಿವಿಗೂ ಕೆಳಗೇ ಕೇಳಿಸ್ತು. ಹೋಯ್ತು, ಇದಕ್ಕೂ ಬಂತು ಅಂದ್ಕೊಂಡೆ. ಗಿಸ್ಲೆನ್ ಕೈ ಎತ್ತಿದ್ನಲ್ಲ, ಆಗ ಕಿವೀನ ನಂಬಿ ಉತ್ತರ ಕೊಡೋ ಧೈರ್ಯ ಬರ್ಲಿಲ್ಲ. ಕಾಗದ ನೋಡಿ ಹೇಳಿದೆ. ಕಾಗದನೂ ತಪ್ಪಾಗೇ ಓದಿದೆ.”

“ಮೇಷ್ಟ್ರೇ…”

“ಆ ವಾರಾನೇ ಪತ್ರ ಬರೆದೆ. ಎರಡೂ ಕಿವಿ ಹೋದವನು ಎಪ್ಪತ್ತು ಜನರ ಮುಂದೆ ಕಡ್ಡಿ ಅಲ್ಲಾಡಿಸ್ಕೊಂಡು ನಿಲ್ಲೋದು ಮೋಸ ಅಲ್ವಾ?”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವರ ಬಲಗಿವಿಗೆ ಏನೂ ಆಗಿರಲಿಲ್ಲ. ಅದು ನಿಜವನ್ನೇ ಹೇಳಿತ್ತು. ನನ್ನ ಹಾಳೆ ಸುಳ್ಳು ಹೇಳಿತ್ತು, ಅವರು ಹಾಳೆಯನ್ನು ನಂಬಿದ್ದರು.

“ಪತ್ರ ವಾಪಸ್ ತಗೊಳ್ಳಿ,” ಎಂದೆ. “ಇವತ್ತೇ. ನಾನು ಬಂದು ಹೇಳ್ತೀನಿ, ತಪ್ಪು ನಂದು ಅಂತ.”

“ಜಾಗಕ್ಕೆ ಹುಡುಗ ಬಂದಾಯ್ತಲ್ಲ. ಹೋದ ಮಂಗಳವಾರ ಸಹಿ ಆಯ್ತು.” ನನ್ನ ಮುಖ ನೋಡಿ ಅವರೇ ಕೇಳಿದರು. “ನಿಮಗೆ ಗೊತ್ತಾಗಿ ಎಷ್ಟು ದಿನ ಆಯ್ತು?”

“ಮೂರು ವಾರ.”

ಅವರು ತಲೆಯಾಡಿಸಿದರು. ಕಿಟಕಿಯ ಹೊರಗೆ ಕಾಲುವೆಯ ನೀರಿನ ಮೇಲೆ ತೆಳುವಾಗಿ ಮಂಜುಗಡ್ಡೆ ಕಟ್ಟಿತ್ತು. “ಹೋಗ್ಲಿ ಬಿಡಿ. ಒಂದು ಕಿವಿ ಉಳೀತು. ಮೂರು ತಿಂಗಳಿಂದ ಎರಡೂ ಹೋಗಿದೆ ಅಂತ ಬದುಕ್ತಿದ್ದೆ. ಲಾಭಾನೇ ಆಯ್ತು,” ಎಂದರು. ಅದು ನನಗಾಗಿ ಹೇಳಿದ ಮಾತು. ಆಮೇಲೆ ಎದ್ದು ನಿಂತು, ತಮಗಾಗಿ ಒಂದು ಮಾತು ಹೇಳಿದರು. “ನಾನು ಬರೆದದ್ದನ್ನ ಒಂದ್ಸಲ ಕೇಳ್ಬೇಕು, ನದೆಜ್. ದಂಕೆರ್ಕಿಗೆ ಏನು ಕಳಿಸೋದು ಅಂತ ಆಮೇಲೆ ನೋಡೋಣ.”

ನಮ್ಮಲ್ಲಿ ತಾಲೀಮು ಐದು ಗಂಟೆಗೆ ಮುಗಿಯಬೇಕೆಂದರೆ ಮುಗಿಯಬೇಕು. ಐದಾಗುತ್ತಲೇ ಗಿಸ್ಲೆನ್ ಸಂಘದ ಪ್ರತಿನಿಧಿಯಾಗಿ ಎದ್ದು ನಿಲ್ಲುತ್ತಾನೆ, ಆವರ್ತದ ನಡುವೆಯಾದರೂ ಸರಿ. ಆ ವಾರದ ಗುರುವಾರ, ಮೇಷ್ಟ್ರ ಆಸೆಯನ್ನು ನನ್ನಿಂದ ತಿಳಿದಿದ್ದ ಅವನು ಐದಕ್ಕೆ ಎದ್ದು ನಿಂತು ಹೇಳಿದ, “ಸಂಘದ ಪ್ರತಿನಿಧಿಗೆ ಇವತ್ತು ಗಡಿಯಾರ ಕಾಣಿಸ್ತಿಲ್ಲ. ಯಾರಿಗಾದ್ರೂ ಕಾಣ್ಸಿದ್ರೆ ಮನೆಗೆ ಹೋಗಬಹುದು.” ಮಗುವನ್ನು ಶಾಲೆಯಿಂದ ಕರೆತರಬೇಕಿದ್ದ ಒಬ್ಬ ಟ್ರಂಪೆಟ್ ವಾದಕ ಮಾತ್ರ ಕ್ಷಮೆ ಕೇಳಿ ಹೋದ. ಉಳಿದವರಿಗೆ ನಾನು ‘ಮುಂಜಾವು’ ಹಾಳೆಗಳನ್ನು ಹಂಚಿದೆ. ಗಿಸ್ಲೆನ್‌ನ ಮುಂದೆ ಹೊಸದಾಗಿ ಬರೆದ ಹಾಳೆ ಇಟ್ಟೆ. ಇದನ್ನು ಆರು ಸಲ ನೋಡಿದ್ದೆ.

“ಈಗ ಹುಳಿ ಇರಲ್ಲ ತಾನೆ?” ಎಂದ, ನನ್ನ ಕಡೆ ನೋಡದೆ.

ಚೆಲ್ಲೊಗಳು ಮಂಜು ಹಿಡಿದವು. ಕ್ಲಾರಿನೆಟ್ ಬಂತು. ತನ್ನ ಜಾಗಕ್ಕೆ ಬಂದು ನೆಟ್ಟಗೆ ಕುಳಿತಿತು. ಸಿಹಿಯಾಗಿತ್ತು, ಒಪ್ಪವಾಗಿತ್ತು. ಮನೆಯವರೆಲ್ಲ ಬಾಗಿಲಿಗೆ ಬಂದು ಬಾ ಬಾ ಎಂದು ಕರೆದ ಹಾಗಿತ್ತು. ನಾನು ಎಂಟನೆಯ ಸಾಲಿನಲ್ಲಿ ಕುಳಿತು, ನನಗೆ ನವೆಂಬರಿನಲ್ಲಿ ಆದದ್ದು ಈಗ ಆಗಲಿ ಎಂದು ಕಾದೆ. ನಿಜವಾಗಿ ಬೇಡಿಕೊಂಡೆ. ಹತ್ತು ಆವರ್ತ ಹೋಯಿತು, ಇಪ್ಪತ್ತು ಹೋಯಿತು. ಇದನ್ನು ಎಲ್ಲೋ ಮೊದಲೇ ಕೇಳಿದ್ದೇನೆ ಅನಿಸಿತು. ಎಲ್ಲೆಂದು ಗೊತ್ತಾಗಲಿಲ್ಲ, ಹಲವು ಕಡೆ ಇರಬೇಕು. ಎರಡನೆಯ ಪಿಟೀಲಿನ ಸಾಲಿನಲ್ಲಿ ಒಬ್ಬಳು ಕೊರಳಪಟ್ಟಿ ಸರಿಮಾಡಿಕೊಂಡಳು.

ಮುಗಿದಾಗ ವಾದಕರು ಚಪ್ಪಾಳೆಯ ಬದಲಿಗೆ ಕಮಾನಿನಿಂದ ಹಾಳೆ ಇಡುವ ಹಲಗೆ ತಟ್ಟಿದರು. ಅದು ಮರ್ಯಾದೆಗೆ ತಟ್ಟುವ ರೀತಿಯಾಗಿತ್ತು. ಎಲ್ಲರೂ ಹೋದ ಮೇಲೆ ಮೇಷ್ಟ್ರು ವೇದಿಕೆಯಿಂದ ಇಳಿದು ನನ್ನ ಮುಂದಿನ ಸಾಲಿನಲ್ಲಿ ತಿರುಗಿ ಕುಳಿತರು.

“ಹೇಳಿ.”

“ಈಗ ಸರಿಯಾಗಿದೆ, ಮೇಷ್ಟ್ರೇ.”

“ಸರಿಯಾಗಿದೆಯಾ ಅಂತ ಕೇಳ್ಲಿಲ್ಲ. ಬರೆದವನಿಗೆ ತಾನು ಬರೆದದ್ದೇ ಕೇಳ್ಸುತ್ತೆ, ಅವನ ಮಾತು ಲೆಕ್ಕಕ್ಕಿಲ್ಲ. ನೀವು ಎರಡೂ ಸಲ ಇಲ್ಲೇ ಕೂತಿದ್ರಿ. ಯಾವುದು?”

ನಾನು ಸಂಜೆಯ ತರಗತಿಯಲ್ಲಿ ಕಲಿತವಳು, ನನ್ನ ಅಭಿಪ್ರಾಯಕ್ಕೆ ಏನು ಬೆಲೆ ಎಂದೆ. ಅವರು ಕಾದರು. ಗಿಸ್ಲೆನ್‌ನನ್ನು ಕೇಳಿ ಎಂದೆ. ಅವರು ಅದಕ್ಕೂ ಕಾದರು.

“ತಪ್ಪಾಗಿದ್ದದ್ದು,” ಎಂದೆ.

ಅವರು ಎರಡೂ ಕೈಯಿಂದ ಮುಖ ಉಜ್ಜಿಕೊಂಡರು. “ನನಗೂ ಹಾಗೇ ಅನ್ಸಿತು,” ಎಂದರು. “ಸರಿಯಾದದ್ದನ್ನೇ ಕಳ್ಸಿ. ಜೊತೆಗೊಂದು ಕಾಗದ ಬರೆದು ಆ ಹುಡುಗಿಗೆ ಎಲ್ಲಾನೂ ಹೇಳಿ.”

ಆ ಕಾಗದವನ್ನು ನಾಲ್ಕು ಸಲ ಬರೆದೆ. ಐದು ದಿನದ ಮೇಲೆ ವಂದೆವೆಲ್ಡ್ ಫೋನ್ ಮಾಡಿದಳು. ಮೇಷ್ಟ್ರು ನನ್ನನ್ನೂ ಕೂರಿಸಿಕೊಂಡು, ಇಬ್ಬರಿಗೂ ಕೇಳುವಂತೆ ಫೋನನ್ನು ಪಿಯಾನೊದ ಮೇಲಿಟ್ಟರು.

“ಮೇಷ್ಟ್ರೇ, ಹಳೇದನ್ನೇ ಇಟ್ಕೊಂಡ್ರೆ ಏನಾಗುತ್ತೆ?” ಎಂದಳು. “ರಚನಕಾರರು ಕೊನೇ ಗಳಿಗೇಲಿ ಏನೇನೋ ಬದಲಾಯಿಸ್ತಾರೆ. ನೀವೂ ಬದಲಾಯಿಸಿದ್ರಿ ಅಂದ್ಕೊಂಡ್ರಾಯ್ತು.”

“ಬದಲಾಯಿಸಿದ್ದು ನಾನಾಗಿದ್ರೆ ಖಂಡಿತ ಇಟ್ಕೊಳ್ತಿದ್ದೆ.”

“ಯಾರಿಗೆ ಗೊತ್ತಾಗುತ್ತೆ? ನಮ್ಮ ಮೂರು ಜನಕ್ಕೆ.”

“ಮುಗಿದ್ಮೇಲೆ ನೀವು ನನ್ನನ್ನ ವೇದಿಕೆ ಮೇಲೆ ಕರೀತೀರಿ. ಜನ ಎದ್ದು ನಿಂತ್ಕೋತಾರೆ. ಆಗ ನಾನು ಯಾವ ಮುಖ ಇಟ್ಕೊಂಡು ತಲೆಬಾಗಲಿ, ಹೇಳಿ.”

ಆ ಕಡೆ ಎಲ್ಲೋ ಕಡಲಹಕ್ಕಿ ಕೂಗಿದ್ದು ಕೇಳಿಸಿತು.

“ನಿಜ ಹೇಳ್ಲಾ?” ಎಂದಳು. “ಆ ಜಾಗ ಇಲ್ದಿದ್ರೆ ನಾನು ನಮ್ಮ ಸಮಿತಿಯವರನ್ನ ಒಪ್ಪಿಸೋಕಾಗಲ್ಲ. ನನ್ನನ್ನೇ ಒಪ್ಪಿಸೋಕಾಗಲ್ಲ, ಮೇಷ್ಟ್ರೇ. ಕ್ಷಮಿಸಿ.”

“ಕ್ಷಮೆ ಯಾಕಮ್ಮ. ಸುಳ್ಳು ಹೇಳಿ ನುಡಿಸಿದ್ದಿದ್ರೆ ಆಗ ಕೇಳ್ಬೇಕಿತ್ತು.”

ಈ ಋತುವಿನಲ್ಲಿ ಸಾಧ್ಯವಾಗದೆಂದು, ಮುಂದೆ ಯಾವಾಗಲಾದರೂ ನೋಡುವುದಾಗಿ ದಂಕೆರ್ಕಿನ ಆಡಳಿತದವರಿಂದ ಒಂದು ಪತ್ರ ಬಂತು. ಹಾಳೆಗಳೂ ವಾಪಸ್ ಬಂದವು. ಗಿಸ್ಲೆನ್ ಎರಡು ವಾರ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ಬಂದು, “ನಾನಾಗಿದ್ರೂ ಹೇಳ್ತಿದ್ನೇನೋ,” ಎಂದ. “ಇಲ್ಲ ಬಿಡು, ಹೇಳ್ತಿರ್ಲಿಲ್ಲ,” ಎಂದು ತಾನೇ ತಿದ್ದಿಕೊಂಡು ಹೋದ.

ಮಾರ್ಚಿನಿಂದ ನಾನು ಇನ್ನೊಂದು ಕೆಲಸ ಹಿಡಿದೆ. ಯಾರೂ ಹೇಳಿದ್ದಲ್ಲ. ಇದೊಂದರಲ್ಲಿ ತಪ್ಪಿದ್ದರೆ ಉಳಿದ ಹನ್ನೊಂದರಲ್ಲಿ ಎಷ್ಟಿವೆಯೋ ಎಂಬ ಯೋಚನೆ ಬಿಡಲಿಲ್ಲ. ನಾನು ಬರೆದವು, ನನಗಿಂತ ಹಿಂದಿನವರು ಬರೆದವು ಎಲ್ಲವನ್ನೂ ತೆಗೆದೆ. ಪ್ರತಿ ಮಧ್ಯಾಹ್ನ ಊಟದ ಬಿಡುವಿನಲ್ಲಿ, ಶನಿವಾರಗಳಲ್ಲಿ, ಒಂದೊಂದು ಹಾಳೆಯನ್ನೂ ಮೇಷ್ಟ್ರ ಕೈಬರಹದ ಜೊತೆ ಹೋಲಿಸಿದೆ. ಒಂದು ತಪ್ಪಾದರೂ ಸಿಗಲಿ ಎಂಬ ಆಸೆಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಆ ಕೃತಿಗಳು ಜನರ ಮನಸ್ಸಿನಲ್ಲಿ ಉಳಿಯದಿದ್ದುದಕ್ಕೆ ಯಾರದೋ ಕೈತಪ್ಪು ಕಾರಣ ಎಂದು ಗೊತ್ತಾದರೆ, ಹೋಗಿ ಹೇಳಬಹುದಲ್ಲ. ಜೂನಿನ ಮೂರನೆಯ ವಾರ ಕೊನೆಯ ಹಾಳೆ ಮುಗಿಯಿತು.

ಅವರ ಕೊನೆಯ ದಿನ ಕಚೇರಿಯವರು ವೈನ್ ಸುರಿದು, ಭಾಷಣ ಮಾಡಿ, ಒಂದು ಗಡಿಯಾರ ಕೊಟ್ಟರು. ಎಲ್ಲ ಮುಗಿದ ಮೇಲೆ ಮೇಷ್ಟ್ರು ಗ್ರಂಥಾಲಯಕ್ಕೆ ಬಂದರು. ಬಿಸಿಲಿಗೆ ಟೋಪಿ ಹಾಕಿಕೊಂಡಿದ್ದರು. ಒಳಗೆ ಬಂದವರು ಅದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮೇಜಿನ ಮೇಲೆ ಇನ್ನೂ ತೆರೆದೇ ಇದ್ದ ಪೆಟ್ಟಿಗೆಗಳನ್ನು ನೋಡಿದರು.

“ಏನಿದು?”

“ಎಲ್ಲವನ್ನೂ ನೋಡ್ದೆ, ಮೇಷ್ಟ್ರೇ. ಹನ್ನೊಂದನ್ನೂ. ಇನ್ನೆಲ್ಲಾದ್ರೂ ತಪ್ಪಿರಬಹುದು ಅಂತ.”

“ಸಿಕ್ತಾ?”

“ಇಲ್ಲ. ಒಂದೂ ಇಲ್ಲ. ಎಲ್ಲ ನೀವು ಬರೆದ ಹಾಗೇ ಇದೆ. ನುಡಿಸಿದ್ದೂ ಹಾಗೇ.”

ಇದು ಅವರಿಗೆ ಸಮಾಧಾನ ಕೊಡುತ್ತದೆ ಎಂದು ನಾನು ನಂಬಿದ್ದೆ. ಹೇಳಿಬಿಟ್ಟ ಮೇಲೆ ತಿಳಿಯಿತು, ಕೊಡುವುದಿಲ್ಲವೆಂದು. ಅವರು ನಕ್ಕರು. ಗಿಸ್ಲೆನ್‌ನ ತಮಾಷೆಗೆ ನಗುತ್ತಿದ್ದ ನಗು ಅದಲ್ಲ, ಅದಕ್ಕಿಂತ ಸಣ್ಣದು.

“ಅಂದ್ರೆ ಉಳಿದದ್ದೆಲ್ಲ ನನ್ನದೇ ತಪ್ಪು,” ಎಂದರು.

ಹಾಗಲ್ಲ ಎಂದು ತಕ್ಷಣ ಹೇಳಬೇಕಾಗಿತ್ತು. ಅವರು ಟೋಪಿ ಹಿಡಿದುಕೊಂಡು ನಿಂತಿದ್ದರು, ಕಾಯುತ್ತಿದ್ದರು. ನಾನು ಆ ಹನ್ನೊಂದು ಕೃತಿಗಳನ್ನು ಒಂದೊಂದಾಗಿ ನೆನೆದುಕೊಂಡೆ. ನಿಜವೇ ಎಂದು ನೋಡಲು ಹೊರಟೆ, ಅದು ನನ್ನ ಸ್ವಭಾವ. ಎಷ್ಟು ಹೊತ್ತಾಯಿತೋ, ತುಂಬ ಹೊತ್ತಲ್ಲ.

“ಹಾಗಲ್ಲ, ಮೇಷ್ಟ್ರೇ,” ಎಂದೆ.

“ಇಲ್ಲ ಇಲ್ಲ, ಹಾಗಲ್ಲ,” ಎಂದು ಅವರು ಒಪ್ಪಿಕೊಂಡರು. ಟೋಪಿ ಹಾಕಿಕೊಂಡು, ನಮ್ಮ ರೂಢಿಯಂತೆ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು, ಬಾಗಿಲನ್ನು ತಾವೇ ಮೆಲ್ಲಗೆ ಎಳೆದುಕೊಂಡು ಹೋದರು.